‘ಲ ಕೊಸೀನ’: ಅಡುಗೆಮನೆಯೋ, ಅಡುಗೆ ಮಾಡುವುದೋ?

ಕನ್ನಡದಲ್ಲಿ ‘ಹಾಡು’, ‘ಓದು’, ‘ನಗು’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಹಾಗಾಗಿ ಸ್ಪ್ಯಾನಿಷ್ ಕಲಿಯಲು ಕೂತ ಕನ್ನಡಿಗರಿಗೆ ‘ಕಾಂತೊ’, ‘ತ್ರಬಾಹೊ’ ಎರಡು ಕೆಲಸಕ್ಕೂ ಬರುತ್ತವೆ ಎಂದರೆ ಅದರಲ್ಲೇನು ವಿಶೇಷ ಅನ್ನಿಸುತ್ತದೆ. ಎಡವುವುದು ಅಲ್ಲೇ. ನಮ್ಮ ‘ಹಾಡು’ ಬರಿಯ ಧಾತು, ಯಾರು ಹಾಡಿದರು ಎಂಬುದು ಪ್ರತ್ಯಯ ಸೇರಿದ ಮೇಲೆ ಗೊತ್ತಾಗುವ ಮಾತು. ‘ಕಾಂತೊ’ ಧಾತುವಲ್ಲ. ಒಂದೋ ಅದು ಹಾಡು, ಇಲ್ಲವೇ ‘ನಾನು ಹಾಡುತ್ತೇನೆ’ ಎಂಬ ಪೂರ್ತಿ ವಾಕ್ಯ. ‘ಅವನು ಕೆಲಸ ಮಾಡುತ್ತಾನೆ’ ಎನ್ನಲು ‘ಎಲ್ ತ್ರಬಾಹೊ’ ಅಂದರೆ ಕೇಳುವವರಿಗೆ ‘ಆ ಕೆಲಸ’ ಅಂತಷ್ಟೇ ಕೇಳಿಸುತ್ತದೆ. ಸರಿಯಾದದ್ದು ‘ಎಲ್ ತ್ರಬಾಹ’, ಇಲ್ಲಿ ‘ಎಲ್’ ಎಂದರೆ ‘ಅವನು’. (ಒತ್ತು ಬೀಳುವ ಸ್ವರವನ್ನು ಇಲ್ಲಿ ದೀರ್ಘವಾಗಿ ಬರೆದಿದ್ದೇನೆ.)

ಇಂಥ ಜೋಡಿಗಳಲ್ಲಿ ಬಹುಪಾಲು ‘-ಆರ್’ ಎಂದು ಕೊನೆಯಾಗುವ ಕ್ರಿಯಾಪದಗಳ ನಂಟಿನ ನಾಮಪದಗಳು. ಕೊನೆಯ ಸ್ವರ ಒ ಆದರೆ ‘ನಾನು’ ರೂಪಕ್ಕೆ ತಾಳೆಯಾಗುತ್ತದೆ: ಪಾಗೊ ಎಂದರೆ ಪಾವತಿ, ಕೊಡುತ್ತೇನೆ ಎಂದೂ ಹೌದು. ಅ ಆದರೆ ‘ಅವನು/ಅವಳು’ ರೂಪಕ್ಕೆ: ಅಯೂದ ಎಂದರೆ ನೆರವು, ನೆರವಾಗುತ್ತಾಳೆ. ಎ ಆದರೆ ಸಬ್ಜಂಕ್ಟಿವ್ ರೂಪಕ್ಕೆ (‘ಮಾಡಲಿ’ ಎಂಬಂಥ ಆಶಯದ ರೂಪ): ಕೋರ್ತೆ (ಕಡಿತ), ಬಿಯಾಹೆ (ಪ್ರಯಾಣ). ಯಾವ ಕ್ರಿಯಾಪದಕ್ಕೆ ಯಾವ ಸ್ವರ ಎಂದು ಊಹಿಸಲು ಹೋಗಬೇಡಿ. ನೆರವಿಗೆ ‘ಎಲ್ ಅಯೂದೊ’ ಅಂದರೆ ಅಂಥ ನಾಮಪದವೇ ಇಲ್ಲ. ‘ಪಗಾರ್’ ಅಂತೂ ಎರಡು ಹೆತ್ತಿದೆ: ಎಲ್ ಪಾಗೊ ಪಾವತಿ, ಲ ಪಾಗ ಸಂಬಳ. ನಾಮಪದವನ್ನು ಅದರ ಆರ್ಟಿಕಲ್ (ಇಂಗ್ಲಿಷಿನ ‘ದ’ ಇದ್ದಂತೆ) ಸಮೇತವೇ, ಅಂದರೆ ಪುಲ್ಲಿಂಗದ ಎಲ್ ಅಥವಾ ಸ್ತ್ರೀಲಿಂಗದ ಲ ಸೇರಿಸಿಯೇ ಬಾಯಿಪಾಠ ಮಾಡುವುದು ವಾಸಿ.

ಹಿಂದೆ ಎಲ್, ಲ ಬಂದರೆ ನಾಮಪದ ಎಂಬ ಸೂತ್ರವನ್ನು ಎಲ್ಲರೂ ಹೇಳಿಕೊಡುತ್ತಾರೆ. ನನ್ನ ಪ್ರಕಾರ ಅದು ಅರ್ಧ ಸತ್ಯ. ಒ-ಕಾರಾಂತಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಆರ್ಟಿಕಲ್ ‘ಎಲ್’, ‘ಅದನ್ನು’ ಎಂಬ ಸರ್ವನಾಮ ‘ಲೊ’, ಎರಡೂ ಬೇರೆ. ಎಲ್ ಪಾಗೊ ಎಂದರೆ ಪಾವತಿ, ಲೊ ಪಾಗೊ ಎಂದರೆ ಅದನ್ನು ಪಾವತಿಸುತ್ತೇನೆ. ಅ-ಕಾರಾಂತಗಳಲ್ಲಿ ಮಾತ್ರ ಆರ್ಟಿಕಲ್ಲೂ ‘ಲ’, ಸರ್ವನಾಮವೂ ‘ಲ’. ‘ಆನ ಆಬ್ರೆ ಲ ಕೊಸೀನ’: ಆನಾ ಅಡುಗೆಮನೆ ತೆರೆಯುತ್ತಾಳೆ. ‘ಆನ ಲ ಕೊಸೀನ’: ಆನಾ ಅದನ್ನು ಬೇಯಿಸುತ್ತಾಳೆ. ‘ಲ ಕೊಸೀನ’ವನ್ನೇ ದಿಟ್ಟಿಸಿದರೆ ಏನೂ ಹೊಳೆಯದು. ವಾಕ್ಯದಲ್ಲಿ ಬೇರೆ ಕ್ರಿಯಾಪದ ಇದೆಯೇ ನೋಡಿ. ಮೊದಲನೆಯದರಲ್ಲಿ ‘ಆಬ್ರೆ’ ಆ ಜಾಗ ಹಿಡಿದಿದೆ. ಎರಡನೆಯದರಲ್ಲಿ ಜಾಗ ಖಾಲಿ, ಅಂದಮೇಲೆ ಕೊಸೀನವೇ ಕ್ರಿಯಾಪದ. ಬಹುವಚನದಲ್ಲೂ ಇದೇ ಪಾಡು: ‘ಲಸ್ ಪ್ರೆಗೂಂತಸ್’ ಎಂದರೆ ಪ್ರಶ್ನೆಗಳು, ‘ನೀನು ಅವನ್ನು ಕೇಳುತ್ತೀಯ’ ಕೂಡ. ‘ಲೊಸ್ ಕೋರ್ತೆಸ್’ ಕಡಿತಗಳು. ಹಿಂದೆ ‘ನೋ’ ಸೇರಿಸಿದರೆ ‘ಅವನ್ನು ಕತ್ತರಿಸಬೇಡ’.

‘ಎಲ್’ ಕೂಡ ಒಂದು ಕಡೆ ಕೈಕೊಡುತ್ತದೆ. ‘ಆಬ್ಲ’ (ಮಾತು) ಸ್ತ್ರೀಲಿಂಗವಾದರೂ ಒತ್ತುಳ್ಳ ಆ-ಕಾರದಿಂದ ಶುರುವಾಗುವುದರಿಂದ ‘ಎಲ್’ ಪಡೆಯುತ್ತದೆ. ‘ಎಲ್ ಆಬ್ಲ’ ಮಾತೋ, ‘ಅವನು ಮಾತಾಡುತ್ತಾನೆ’ಯೋ ಎಂಬುದನ್ನು ಕಿವಿ ಹೇಳಲಾರದು. ಬರಹದಲ್ಲಿ ಅವನು ಎಂಬ ‘ಎಲ್’ ಮೇಲೆ ಒತ್ತುಗೀಟು ಇರುತ್ತದೆ, ಅಷ್ಟೇ.

ಆ ಗೀಟನ್ನು ಟೈಪ್ ಮಾಡುವಾಗ ಬಿಡುವುದು ದೊಡ್ಡ ಚಟ. ನೂಮೆರೊ ಸಂಖ್ಯೆ, ನುಮೇರೊ ಸಂಖ್ಯೆ ಹಾಕುತ್ತೇನೆ, ನುಮೆರೋ ಸಂಖ್ಯೆ ಹಾಕಿದನು. ತೇರ್ಮಿನೊ ಕೊನೆ, ತೆರ್ಮೀನೊ ಮುಗಿಸುತ್ತೇನೆ, ತೆರ್ಮಿನೋ ಮುಗಿಸಿದನು. ಗೀಟು ಬಿಟ್ಟರೆ ಮೂರೂ ನಡುವಿನದಾಗಿ ಓದಿಸಿಕೊಳ್ಳುತ್ತವೆ, ಅವನು ನಿನ್ನೆ ಮುಗಿಸಿದ್ದನ್ನು ನೀವು ಇವತ್ತು ಮುಗಿಸುತ್ತೀರಿ. ದೊಡ್ಡಕ್ಷರಗಳಿಗೂ ವಿನಾಯಿತಿ ಇಲ್ಲ.

ನಿಘಂಟು ನೋಡುವಾಗ ಇನ್ನೊಂದು ತೊಡಕು. ‘ಕ್ವೇಂತೊ’ ತೆಗೆದರೆ ಕತೆ ಎಂದು ಸಿಗುತ್ತದೆ. ಎಣಿಸುತ್ತೇನೆ, ಹೇಳುತ್ತೇನೆ ಎಂಬ ಅರ್ಥ ಕೂತಿರುವುದು ‘ಕೊಂತಾರ್’ ಕೆಳಗೆ, ಏಕೆಂದರೆ ಒತ್ತು ಬಿದ್ದ ಒ ‘ವೆ’ ಆಗಿದೆ. ‘ಹ್ವೇಗೊ’ (ಆಟ) ‘ಆಡುತ್ತೇನೆ’ ಎಂಬ ಅರ್ಥದಲ್ಲಿ ಮಾತ್ರ ‘ಹುಗಾರ್’ ಕೆಳಗೆ, ಅಲ್ಲಿ ಬದಲಾಗಿದ್ದು ಉ.

ಇನ್ನು ಕೆಲವು ಜೋಡಿಗಳು ನಂಟೇ ಇಲ್ಲದ ಕಾಕತಾಳೀಯ. ‘ಬೀನೊ’ ವೈನ್, ಬಂದನು ಎಂದೂ ಅರ್ಥ. ‘ರೀಯೊ’ ನದಿ, ನಗುತ್ತೇನೆ. ‘ಯಾಮ’ದ್ದು ಸ್ವಾರಸ್ಯಕರ: ಜ್ವಾಲೆ ಎಂಬ ಅರ್ಥ ಲ್ಯಾಟಿನ್ನಿನ ‘ಫ್ಲಾಮ’ದಿಂದ, ಕರೆಯುತ್ತಾನೆ ಎಂಬುದು ‘ಕ್ಲಾಮಾರೆ’ಯಿಂದ, ಪದದ ಮೊದಲಿನ ಫ್ಲ, ಕ್ಲ ಎರಡೂ ಸವೆದು ಒಂದೇ ಧ್ವನಿಯಾದವು. ಆಂಡೀಸ್ ಪರ್ವತದ ಲಾಮಾ ಪ್ರಾಣಿಯ ಹೆಸರು ಕೆಚುವಾ ಭಾಷೆಯಿಂದ ಬಂದು ಅದೇ ರೂಪಕ್ಕೆ ಸೇರಿಕೊಂಡಿತು.

ಈಜುಕೊಳದ ಹಳೆಯ ತಮಾಷೆಯೊಂದು ಸ್ಪ್ಯಾನಿಷ್ ಮಾತಾಡುವವರಿಗೆಲ್ಲ ಗೊತ್ತು. ‘ನೋ ನಾದ ನಾದ?’ ಎಂದು ಒಬ್ಬ, ‘ನೋ ತ್ರಾಹೆ ತ್ರಾಹೆ’ ಎಂದು ಇನ್ನೊಬ್ಬ. ಎರಡರಲ್ಲೂ ‘ನೋ’ಗೆ ಅಂಟಿಕೊಂಡದ್ದು ಕ್ರಿಯಾಪದ: ‘ಏನೂ ಈಜುವುದಿಲ್ಲವೇ?’ ‘ಈಜುಡುಗೆ ತರಲಿಲ್ಲ.’