ನಾಲ್ಕನೇ ಲೈನಿನ ಹಾಳೆ

ಪ್ರಾಣಿಶಾಸ್ತ್ರ ವಿಭಾಗದ ಬೀರುವಿನಲ್ಲಿ, ಎರಡನೇ ಖಾನೆಯಲ್ಲಿ ಒಂದು ನೀಲಿ ಫೈಲ್ ಇದೆ. ಹೋದ ತಿಂಗಳು ಕಾಲೇಜಿಗೆ ಬಂದಾಗ ತೆಗೆದು ನೋಡಿದೆ. ಹಾಳೆಗಳು ಹಳದಿಯಾಗಿವೆ, ಪೆನ್ಸಿಲ್ ಬರಹ ಮಾತ್ರ ಮಾಸಿಲ್ಲ. ಕಾಲೇಜಿನ ಪತ್ರಿಕೆಗೆ ಏನಾದರೂ ಬರೆದುಕೊಡಿ ಅಂತ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಫೈಲು.

2009ರ ಜನವರಿ. ನಾವು ಬಿಎಸ್ಸಿ ಕೊನೆಯ ವರ್ಷ. ಅರಣ್ಯ ಇಲಾಖೆಯ ಅನುಮತಿ ಪಡೆದು ಮೇಡಂ ನಮ್ಮನ್ನು ಐದು ದಿನದ ಸರ್ವೆಗೆ ಕರೆದುಕೊಂಡು ಹೋದರು. ಜಿಂಕೆ, ಕಡವೆ, ಕಾಟಿ, ಮುಸುವ, ಕಾಡುಹಂದಿ, ಇವು ಆ ಕಾಡಿನಲ್ಲಿ ಎಷ್ಟಿವೆ, ಎಲ್ಲೆಲ್ಲಿವೆ ಅಂತ ಅಂದಾಜು ಮಾಡುವುದು ನಮ್ಮ ಕೆಲಸ. ನಾವೆಲ್ಲ ಹುಲಿ ನೋಡುವ ಆಸೆಯಲ್ಲಿದ್ದೆವು. ಮೇಡಂ ಹೇಳಿದ್ದು ಒಂದೇ ಮಾತು: "ನೋಡೋಕೆ ಹೋಗ್ತಿಲ್ಲ, ಎಣಿಸೋಕೆ ಹೋಗ್ತಿದ್ದೀವಿ." ಎರಡಕ್ಕೂ ಏನು ವ್ಯತ್ಯಾಸ ಅಂತ ಆಗ ನನಗೆ ಹೊಳೆದಿರಲಿಲ್ಲ.

ಹೊರಡುವ ಮೊದಲು ಮೂರು ವಾರ ಕಾಲೇಜಿನಲ್ಲೇ ತಯಾರಿ ನಡೆಯಿತು. ಮೈದಾನದಲ್ಲಿ ನಿಲ್ಲಿಸಿ ದೂರ ಅಂದಾಜು ಮಾಡಿಸುತ್ತಿದ್ದರು. ಆ ಮರ ಎಷ್ಟು ದೂರ? ನಾನು 40 ಮೀಟರ್ ಅಂದೆ. ಟೇಪ್ ಹಿಡಿದರೆ 63. ಕಣ್ಣು ಇಷ್ಟು ಮೋಸ ಮಾಡುತ್ತದೆ ಅಂತ ಗೊತ್ತಾದ ಮೇಲೆಯೇ ನಮ್ಮ ಕೈಗೆ ದೂರ ಅಳೆಯುವ ರೇಂಜ್‌ಫೈಂಡರ್ ಕೊಟ್ಟಿದ್ದು.

ಇನ್ನೊಂದು ದಿನ ಒಂದು ಚೀಲದ ತುಂಬ ಹುಣಸೆ ಬೀಜ ತಂದು ಮೇಜಿನ ಮೇಲಿಟ್ಟರು. ಇದರಲ್ಲಿ ಎಷ್ಟು ಬೀಜ ಇವೆ, ಪೂರ್ತಿ ಎಣಿಸದೆ ಹೇಳಿ ಅಂದರು. 50 ಬೀಜ ತೆಗೆದು ಸುಣ್ಣದ ಚುಕ್ಕಿ ಇಟ್ಟು ಮತ್ತೆ ಚೀಲಕ್ಕೆ ಹಾಕಿ ಚೆನ್ನಾಗಿ ಕಲಸಿದೆವು. ಆಮೇಲೆ ಕಣ್ಣು ಮುಚ್ಚಿ 40 ಬೀಜ ತೆಗೆದೆವು. ಅದರಲ್ಲಿ ಚುಕ್ಕಿ ಇದ್ದವು 5. ಅಂದರೆ ಎಂಟರಲ್ಲಿ ಒಂದಕ್ಕೆ ಚುಕ್ಕಿ. ಒಟ್ಟು ಚುಕ್ಕಿ ಬೀಜ 50 ಆದರೆ ಚೀಲದಲ್ಲಿ ಇರಬೇಕಾದ್ದು ಸುಮಾರು 400. ಕೂತು ಎಣಿಸಿದರೆ 431 ಇದ್ದವು. ಡೆನ್ಮಾರ್ಕಿನ ಪೀಟರ್ಸನ್ 1890ರ ದಶಕದಲ್ಲಿ ಮೀನುಗಳಿಗೆ ಗುರುತು ಹಾಕಿ ಬಿಟ್ಟು ಇದೇ ದಾರಿ ತೋರಿಸಿದ್ದರು. 1930ರಲ್ಲಿ ಅಮೆರಿಕದ ಲಿಂಕನ್ ಬಾತುಕೋಳಿಗಳ ಲೆಕ್ಕಕ್ಕೆ ಇದನ್ನೇ ಬಳಸಿದರು. ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರಿಗೆ ಬಂದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಇಟ್ಟು ಹುಲಿಗಳಿಗೂ ಇದೇ ತರ್ಕ ಹಚ್ಚಿದರು. ಹುಲಿಗೆ ಚುಕ್ಕಿ ಇಡಬೇಕಾಗಿಲ್ಲ, ಅದರ ಪಟ್ಟೆಯೇ ಗುರುತು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಎಡ ಮಗ್ಗುಲಿನ ಪಟ್ಟೆಗೂ ಬಲ ಮಗ್ಗುಲಿನ ಪಟ್ಟೆಗೂ ಹೋಲಿಕೆ ಇರುವುದಿಲ್ಲ, ಅದಕ್ಕೇ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ. ಇದನ್ನು ಹೇಳುವಾಗ ಮೇಡಂ ಮುಖದಲ್ಲಿ ಎಷ್ಟು ಹೆಮ್ಮೆ ಇತ್ತು!

ಜಿಂಕೆ, ಕಾಟಿಗಳ ಮೈಮೇಲಿನ ಗುರುತು ನೋಡಿ ಒಂದೊಂದನ್ನೇ ಗುರುತಿಸುವುದು ಆಗದ ಕೆಲಸ. ಅವಕ್ಕೆ ಲೈನ್ ಟ್ರಾನ್ಸೆಕ್ಟ್. ಕಾಡಿನ ಒಳಗೆ 2 ಕಿಲೋಮೀಟರ್ ಉದ್ದದ ನೇರ ಗೆರೆ ಹಾಕಿರುತ್ತಾರೆ. ಆ ಗೆರೆ ಹಿಡಿದು ಬೆಳಿಗ್ಗೆ, ಸಂಜೆ ಸದ್ದಿಲ್ಲದೆ ನಡೆಯಬೇಕು. ಪ್ರಾಣಿ ಕಂಡರೆ ನಿಲ್ಲಬೇಕು. ಎಷ್ಟು, ಎಷ್ಟು ದೂರ, ಕಂಪಾಸಿನಲ್ಲಿ ಯಾವ ಡಿಗ್ರಿ, ಇಷ್ಟನ್ನೂ ಬರೆಯಬೇಕು. ಬರೆಯುವುದು ಪೆನ್ಸಿಲ್ಲಿನಲ್ಲೇ. ಇಬ್ಬನಿಗೆ ಶಾಯಿ ಕಲಸಿಹೋಗುತ್ತದೆ.

ಮೊದಲ ಬೆಳಿಗ್ಗೆ ನಾನು, ನನ್ನ ಜೊತೆಗಾರ, ಮುಂದೆ ಕಾಡು ಕಾಯುವ ವಾಚರ್ ಅಣ್ಣ. ಅವರ ಕಾಲ ಕೆಳಗೆ ಒಣಗಿದ ಎಲೆ ಸದ್ದೇ ಮಾಡುತ್ತಿರಲಿಲ್ಲ. ನಮ್ಮ ಕಾಲ ಕೆಳಗೆ ಹಪ್ಪಳ ಮುರಿದಂತೆ ಸದ್ದು. ಅರ್ಧ ಗಂಟೆ ಆದಮೇಲೆ ಅವರು ಒಮ್ಮೆಲೇ ನಿಂತು ಗದ್ದ ಎತ್ತಿ ತೋರಿಸಿದರು. ನನಗೆ ಬರೀ ಲಾಂಟಾನ ಕಂಡಿತು. ಇನ್ನೂ ನೋಡಿದೆ. ಪೊದೆಯ ಮೇಲ್ಗಡೆ ಒಂದು ಕಿವಿ ಅಲ್ಲಾಡಿತು. ಆ ಕಿವಿಯ ಪಕ್ಕ ಒಂದು ಕಣ್ಣು, ಆಮೇಲೆ ಇಡೀ ಕಡವೆ. ಅಷ್ಟು ಹೊತ್ತೂ ಅದು ಅಲ್ಲೇ ನಿಂತು ನಮ್ಮನ್ನೇ ನೋಡುತ್ತಿತ್ತು.

ರೇಂಜ್‌ಫೈಂಡರಿನಲ್ಲಿ 60 ಮೀಟರ್. ಲೈನಿನ ದಿಕ್ಕು 110 ಡಿಗ್ರಿ, ಕಡವೆಯ ದಿಕ್ಕು 140. ನಡುವಿನ ಕೋನ 30. ಸೈನ್ 30 ಅಂದರೆ ಅರ್ಧ, ಹಾಗಾಗಿ ಲೈನಿನಿಂದ ಅಡ್ಡಕ್ಕೆ ಅದು ಇದ್ದದ್ದು 30 ಮೀಟರ್ ದೂರದಲ್ಲಿ. ಹೈಸ್ಕೂಲಿನಲ್ಲಿ ಸುಮ್ನೆ ಉರು ಹೊಡೆದಿದ್ದ ಸೈನ್ ಥೀಟಾ ಕಾಡಿನ ನಡುವೆ ಕೆಲಸಕ್ಕೆ ಬಂದಾಗ ಆದ ಖುಷಿ ಹೇಳತೀರದು.

ಈ ಅಡ್ಡ ದೂರವೇ ಇಡೀ ಲೆಕ್ಕದ ಜೀವ. ಲೈನಿನ ಮೇಲೇ ಇರುವ ಪ್ರಾಣಿ ನಮ್ಮ ಕಣ್ಣು ತಪ್ಪಿಸಿಕೊಳ್ಳುವುದಿಲ್ಲ. ದೂರ ಹೋದಷ್ಟೂ ತಪ್ಪಿಸಿಕೊಳ್ಳುವುದು ಜಾಸ್ತಿ. ಎಷ್ಟೆಷ್ಟು ದೂರದಲ್ಲಿ ಎಷ್ಟೆಷ್ಟು ಕಂಡವು ಅಂತ ನೋಡಿದರೆ, ಕಾಣದೆ ಉಳಿದವು ಎಷ್ಟಿರಬಹುದು ಅಂತ ತಿಳಿಯುತ್ತದೆ. ಕಂಡದ್ದರಿಂದ ಕಾಣದ್ದನ್ನು ಎಣಿಸುವ ವಿದ್ಯೆ ಇದು. ಇಷ್ಟು ಚೆಂದದ ಲೆಕ್ಕ ನಾನು ಬೇರೆ ನೋಡಿಲ್ಲ. ಆದರೆ ಒಂದು ಷರತ್ತಿದೆ. ಪ್ರಾಣಿ ಮೊದಲು ಎಲ್ಲಿತ್ತೋ ಆ ಜಾಗಕ್ಕೇ ಅಳೆಯಬೇಕು. ಬೆದರಿ ಓಡಿ ನಿಂತ ಜಾಗಕ್ಕಲ್ಲ.

ಎರಡನೇ ದಿನ ಲದ್ದಿ ಎಣಿಕೆ. ಆನೆ ಎದುರಿಗೆ ಸಿಗಲೇಬೇಕು ಅಂತಿಲ್ಲ, ಅದರ ಲದ್ದಿ ಸಿಗುತ್ತದೆ. ವಾಚರ್ ಅಣ್ಣ ಮಂಡಿಯೂರಿ ಕೂತು ಒಂದು ಉಂಡೆಯನ್ನು ಕಡ್ಡಿಯಿಂದ ಬಿಡಿಸಿ ತೋರಿಸಿದರು. ಮೇಲುಗಡೆ ಒಣಗಿ ಬಿರುಕು ಬಿಟ್ಟಿತ್ತು. ಒಳಗೆ ಬಿದಿರಿನ ನಾರು ಇನ್ನೂ ಹಸಿಹಸಿ, ನಡುವೆ ಎರಡು ಸಗಣಿ ಹುಳ. "ಇದು ನಿನ್ನೆದು," ಅಂದರು. ನಾಲ್ಕು ಹೆಜ್ಜೆ ಮುಂದೆ ಇನ್ನೊಂದು ರಾಶಿ, ಅದು ಚದುರಿ ಬರೀ ನಾರಿನ ಚಾಪೆಯಾಗಿತ್ತು. ಆನೆ ದಿನಕ್ಕೆ ಸುಮಾರು 16 ಸಲ ಲದ್ದಿ ಹಾಕುತ್ತದೆ. ಆ ಲದ್ದಿ ಕರಗಿಹೋಗಲು ಎಷ್ಟು ದಿನ ಬೇಕು ಅಂತ ಗೊತ್ತಿದ್ದರೆ, ನೆಲದ ಮೇಲಿರುವ ರಾಶಿಗಳಿಂದ ಆನೆಗಳ ಅಂದಾಜು ಬರುತ್ತದೆ. ಮಳೆಯಲ್ಲಿ ಬೇಗ ಕರಗುತ್ತದೆ, ಬಿಸಿಲಿನಲ್ಲಿ ಒಣಗಿ ತುಂಬಾ ದಿನ ಉಳಿಯುತ್ತದೆ. ಅದಕ್ಕೇ ಒಂದು ಕಾಡಿನಲ್ಲಿ ಕಂಡುಕೊಂಡ ದಿನದ ಲೆಕ್ಕವನ್ನು ಇನ್ನೊಂದು ಕಾಡಿಗೆ ಕಣ್ಣು ಮುಚ್ಚಿ ಹಾಕುವ ಹಾಗಿಲ್ಲ.

ಈಗ ಮೂರನೇ ದಿನದ ಸಂಜೆ. ನಮಗೆ ನಾಲ್ಕನೇ ಲೈನ್. 2 ಕಿಲೋಮೀಟರ್ ನಡೆದೆವು, ಒಂದು ಪ್ರಾಣಿಯೂ ಕಾಣಲಿಲ್ಲ. ದೂರದಲ್ಲಿ ಒಂದು ಮುಸುವ ಕೂಗಿತು, ಅಷ್ಟೇ. ಬೆಳಿಗ್ಗೆ ಬೇರೆ ಲೈನಿನವರಿಗೆ ಕಾಟಿಯ ಹಿಂಡೇ ಸಿಕ್ಕಿತ್ತು. ನಮ್ಮ ಹಾಳೆ ಖಾಲಿ. ವಾಪಸ್ ಜೀಪಿನ ರಸ್ತೆಗೆ ಬಂದಾಗ ರಸ್ತೆ ಪಕ್ಕದ ಹುಲ್ಲಿನಲ್ಲಿ 5 ಜಿಂಕೆ ಮೇಯುತ್ತಿದ್ದವು. ಅಭ್ಯಾಸಬಲದಿಂದ ದೂರ ನೋಡಿದೆವು, 35 ಮೀಟರ್. ಕಂಪಾಸ್ ನೋಡಿದೆವು, 290. ನನ್ನ ಜೊತೆಗಾರ ನನ್ನ ಮುಖ ನೋಡಿದ. ನಾನು ಪೆನ್ಸಿಲ್ ತೆಗೆದೆ. "ಇವು ಲೈನಲ್ಲಿ ಸಿಕ್ಕಿದ್ದಲ್ವಲ್ಲಪ್ಪಾ," ಅಂತ ವಾಚರ್ ಅಣ್ಣ ಮೆಲ್ಲಗೆ ಹೇಳಿದರು. ನಾನು ಕೇಳಿಸದವನಂತೆ ಬರೆದೆ. ಜಿಂಕೆ 5, ಸಮಯ 5.40.

ರಾತ್ರಿ ಮೇಡಂ ಟಾರ್ಚ್ ಬೆಳಕಿನಲ್ಲಿ ಎಲ್ಲರ ಹಾಳೆ ನೋಡುತ್ತಿದ್ದರು. ನಮ್ಮದು ಬಂದಾಗ ಕೈ ನಿಂತಿತು.

"ನಾಲ್ಕನೇ ಲೈನ್ ಯಾವ ಕಡೆ ಹೋಗುತ್ತೆ?"

"110, ಮೇಡಂ."

"ಜಿಂಕೆ 290ರಲ್ಲಿ ಅಂತಿದೆ. ಇದು ನಿಮ್ಮ ಬೆನ್ನ ಹಿಂದೆ ಅಲ್ವಾ?"

ನಾನು ಸುಳ್ಳು ಮುಂದುವರಿಸಲಿಲ್ಲ. ರಸ್ತೆಯಲ್ಲಿ ಕಂಡದ್ದು ಅಂತ ಒಪ್ಪಿಕೊಂಡೆ. ಬೈಗುಳಕ್ಕೆ ಕಾದು ನಿಂತೆ. ಅವರು ಬೈಯಲಿಲ್ಲ. ಒಂದು ರದ್ದಿ ಕಾಗದ ಎಳೆದುಕೊಂಡು ಲೆಕ್ಕ ಮಾಡತೊಡಗಿದರು. ಲೈನ್ 2 ಕಿಲೋಮೀಟರ್, ಎರಡೂ ಕಡೆ 50 ಮೀಟರ್ ಚೆನ್ನಾಗಿ ಕಾಣುತ್ತದೆ ಅಂತಿಟ್ಟುಕೊ. ಒಂದು ಲೈನಿಗೆ 0.2 ಚದರ ಕಿಲೋಮೀಟರ್. ಹತ್ತು ಲೈನಿಗೆ 2. ಒಂದೊಂದು ಸಲವೇ ನಡೆದೆವು ಅನ್ನು. 2 ಚದರ ಕಿಲೋಮೀಟರಿಗೆ 5 ಜಿಂಕೆ ಜಾಸ್ತಿ ಅಂದರೆ ಒಂದಕ್ಕೆ ಎರಡೂವರೆ. ಕಾಡು 100 ಚದರ ಕಿಲೋಮೀಟರ್ ಇದ್ದರೆ?

250.

"250 ಜಿಂಕೆ," ಅಂದರು. "ಇಲ್ಲದ್ದು. ನೀವಿಬ್ಬರು ಇವತ್ತು ಹುಟ್ಟಿಸಿದ್ದು." ಆಮೇಲೆ ವಿವರಿಸಿದರು. ರಸ್ತೆ ಬದಿಯಲ್ಲಿ ಪೊದೆ ಸವರಿರುತ್ತಾರೆ, ಎಳೆ ಹುಲ್ಲು ಬರುತ್ತದೆ, ಜಿಂಕೆ ಅಲ್ಲಿ ಸೇರುತ್ತವೆ. ರಸ್ತೆಯಲ್ಲಿ ಕಂಡದ್ದನ್ನು ಇಡೀ ಕಾಡಿಗೆ ಹಚ್ಚಿದರೆ ಕಾಡಿನ ತುಂಬ ಜಿಂಕೆ ಇರುವಂತೆ ಆಗುತ್ತದೆ. ನಾಳೆ ಅಲ್ಲಿ ನಿಜವಾಗಿ ಜಿಂಕೆ ಕಡಿಮೆಯಾದರೂ ಯಾರಿಗೂ ಗೊತ್ತಾಗುವುದಿಲ್ಲ.

ಆ ರಾತ್ರಿಯೇ ಅವರು ಸರಿಸ್ಕಾದ ಕತೆ ಹೇಳಿದರು. ಆಗೆಲ್ಲ ಹುಲಿ ಗಣತಿ ಅಂದರೆ ಹೆಜ್ಜೆ ಗುರುತು. ಗಾಜಿನ ಮೇಲೆ ಹೆಜ್ಜೆಯ ಗೆರೆ ಎಳೆದುಕೊಂಡು, ಪ್ಲಾಸ್ಟರ್ ಅಚ್ಚು ತೆಗೆದು, ಇದು ಈ ಹುಲಿ, ಇದು ಆ ಹುಲಿ ಅಂತ ಎಣಿಸುತ್ತಿದ್ದರು. 1972ರ ಮೊದಲ ದೇಶವ್ಯಾಪಿ ಗಣತಿಯಲ್ಲಿ 1,827 ಅಂತ ಬಂದದ್ದು ಹೀಗೆಯೇ. ಆದರೆ ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ತರ, ಕೆಸರಿನಲ್ಲಿ ಇನ್ನೊಂದು ತರ ಬೀಳುತ್ತದೆ. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು. 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಬೇಟೆಗಾರರು ಮುಗಿಸಿದ್ದರು. ಆಮೇಲೆ ಇಡೀ ದೇಶದಲ್ಲಿ ಪದ್ಧತಿ ಬದಲಾಯಿತು. 2006ರ ಅಂದಾಜು 1,411 ಅಂತ ಬಂದಾಗ ಎಷ್ಟೋ ಜನಕ್ಕೆ ಆಘಾತ. "ಆ ಸಂಖ್ಯೆಗೆ ನಾನು ಕೈ ಮುಗಿದೆ," ಅಂದರು ಮೇಡಂ. "1,165ರಿಂದ 1,657ರ ಒಳಗೆ ಅಂತ ಎರಡು ತುದಿಯನ್ನೂ ಹೇಳಿದ್ದಾರೆ. ನಮಗೆ ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ ಅಂತ ಹೇಳಿದ ಹಾಗೆ."

ಕೊನೆಗೆ ಹಾಳೆಯನ್ನು ನನ್ನ ಕೈಗೇ ಕೊಟ್ಟರು. ರಬ್ಬರಿನಿಂದ ಅಳಿಸಲು ಹೋದೆ, ಬೇಡ ಅಂದರು. ಗೆರೆ ಎಳೆದು ಹೊಡೆದುಹಾಕು, ಪಕ್ಕದಲ್ಲಿ ಸರಿಯಾದ್ದು ಬರೆ, ಸಹಿ ಹಾಕು. ತಪ್ಪಿದ್ದೂ ಕಾಣಬೇಕು, ತಿದ್ದಿದ್ದೂ ಕಾಣಬೇಕು.

ಮಾರನೇ ದಿನ ಬೆಳಿಗ್ಗೆ ವಾಚರ್ ಅಣ್ಣನ ಹತ್ತಿರ ಹೋಗಿ, ನೀವು ಹೇಳಿದ್ದೇ ಸರಿ ಅಂದೆ. ಅವರು ನಕ್ಕು ನನ್ನ ಭುಜದ ಮೇಲಿನ ಉಣ್ಣಿಯೊಂದನ್ನು ಕಿತ್ತು ಬಿಸಾಕಿದರು.

ನಾನೀಗ ಅರಣ್ಯ ಇಲಾಖೆಯಲ್ಲಿದ್ದೇನೆ. 2023ರ ಮೇ ತಿಂಗಳಲ್ಲಿ ದಕ್ಷಿಣದ ರಾಜ್ಯಗಳು ಒಟ್ಟಿಗೆ ಆನೆ ಗಣತಿ ಮಾಡಿದವು. ಮೊದಲ ದಿನ ಬ್ಲಾಕ್ ಎಣಿಕೆ, ಅಂದರೆ ಕಾಡನ್ನು ಬ್ಲಾಕುಗಳಾಗಿ ಹಂಚಿಕೊಂಡು ಕಣ್ಣಿಗೆ ಕಂಡ ಆನೆ ಎಣಿಸುವುದು, ಎರಡನೇ ದಿನ ಲದ್ದಿ ಎಣಿಕೆ, ಮೂರನೇ ದಿನ ನೀರಿನ ಗುಂಡಿಗಳ ಹತ್ತಿರ ಕೂತು ನೋಡುವುದು. ಹೊಸದಾಗಿ ಸೇರಿದ್ದ ಒಬ್ಬ ಗಾರ್ಡ್ ಸಂಜೆ ಬಂದು ಕೇಳಿದ: "ಸರ್, ನನ್ನ ಬ್ಲಾಕಲ್ಲಿ ಒಂದೂ ಕಾಣ್ಲಿಲ್ಲ. ಫಾರ್ಮ್ ಕೊಡೋದು ಬೇಡ ಅಲ್ವಾ?" ಕೊಡಲೇಬೇಕು ಅಂದೆ. ಅವನನ್ನು ಕೂರಿಸಿಕೊಂಡು 250 ಜಿಂಕೆಯ ಲೆಕ್ಕ ಪೂರ್ತಿ ಮಾಡಿ ತೋರಿಸಿದೆ. ಆನೆ ಇಲ್ಲದ ಬ್ಲಾಕುಗಳು ಮನೆಯಲ್ಲೇ ಉಳಿದು, ಆನೆ ಇದ್ದ ಬ್ಲಾಕುಗಳು ಮಾತ್ರ ಲೆಕ್ಕಕ್ಕೆ ಬಂದರೆ ಏನಾಗುತ್ತದೆ ಅಂತ ಅವನೇ ಹೇಳಿದ. ಆ ವರ್ಷ ಕರ್ನಾಟಕದ ಅಂದಾಜು 6,395 ಅಂತ ಬಂತು. 2017ರಲ್ಲಿ 6,049 ಇತ್ತು. ಪೇಪರಿನಲ್ಲಿ ಆ ಸಂಖ್ಯೆ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಹುಡುಗನ ಫಾರ್ಮು. ಅದರ ಸೊನ್ನೆಯೂ ಇದರೊಳಗೆ ಸೇರಿದೆ.

ಕಾಣಲಿಲ್ಲ ಅಂದರೆ ಇಲ್ಲ ಅಂತಲೂ ಅಲ್ಲ, ಇದನ್ನೂ ಹೇಳಬೇಕು. ಸೀಳುನಾಯಿ ಇರುವ ಕಾಡಿನಲ್ಲೇ ಹತ್ತು ಸಲ ನಡೆದರೂ ಒಮ್ಮೆಯೂ ಸಿಗದೆ ಇರಬಹುದು. ಅದಕ್ಕೇ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು. ಎಷ್ಟು ಸಲ ಹೋದಾಗ ಎಷ್ಟು ಸಲ ಗುರುತು ಸಿಕ್ಕಿತು ಅಂತ ನೋಡಿದರೆ, ನಮ್ಮ ಕಣ್ಣಿಗೆ ತಪ್ಪಿದ್ದೆಷ್ಟು, ನಿಜವಾಗಿ ಇಲ್ಲದ್ದೆಷ್ಟು ಅಂತ ಬೇರೆ ಮಾಡಬಹುದು. ಒಂದು ಪ್ರಾಣಿ ಒಂದು ಪ್ರದೇಶದಿಂದ ನಿಧಾನವಾಗಿ ಜಾಗ ಖಾಲಿ ಮಾಡುತ್ತಿದೆ ಅಂತ ಮೊದಲು ಹೇಳುವುದು ಇಂಥ ಸೊನ್ನೆಗಳೇ. ಅವನ್ನು ಬರೆದಿಡದಿದ್ದರೆ ಅದು ಹೋದದ್ದು ಯಾವಾಗ ಅಂತಲೂ ನಮಗೆ ತಿಳಿಯುವುದಿಲ್ಲ.

ಮೇಡಂ ನಿವೃತ್ತರಾಗಿ ಕೆಲವು ವರ್ಷ ಆಯಿತು. ಅವರ ಕಾಲದ ಹಾಳೆಗಳೆಲ್ಲ ಆ ನೀಲಿ ಫೈಲಿನಲ್ಲಿವೆ. ಈಗಿನ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ರಜೆಯಲ್ಲಿ ಒಂದಿಬ್ಬರು ಕೂತು ಅವನ್ನು ಕಂಪ್ಯೂಟರಿಗೆ ಹಾಕಿ. ಅದೇ ಲೈನುಗಳಲ್ಲಿ ಮುಂದೆ ಯಾರಾದರೂ ನಡೆದರೆ ಹೋಲಿಸಿ ನೋಡಲು ಬೇಕಾಗುತ್ತದೆ. ನಾಲ್ಕನೇ ಲೈನ್, ಮೂರನೇ ದಿನ, ಸಂಜೆಯ ಹಾಳೆ ಬಂದಾಗ ಸ್ವಲ್ಪ ನಿಧಾನವಾಗಿ ನೋಡಿ. ಜಿಂಕೆ 5 ಅಂತ ಇದೆ, ಅದರ ಮೇಲೆ ಗೆರೆ ಎಳೆದಿದೆ, ಪಕ್ಕದಲ್ಲಿ ನನ್ನ ಸಹಿ ಇದೆ. ಅಲ್ಲಿ 0 ಅಂತ ಹಾಕಿ.