ಕಿರುಚಿತ್ರದ ಸಂಕಲನ: ತಂತ್ರಾಂಶದ ಆಯ್ಕೆ ಎಲ್ಲಿಗೆ ಬಂತು

ಚಿತ್ರೀಕರಣ ಮುಗಿದಿದೆ. ಹನ್ನೆರಡು ನಿಮಿಷದ ಚಿತ್ರ, ದೃಶ್ಯಗಳೆಲ್ಲ ಮೊಬೈಲಿನಲ್ಲಿ ತೆಗೆದದ್ದು. ಸಂಭಾಷಣೆಯನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿದಿದ್ದೇವೆ. ಈಗ ಯಾವ ತಂತ್ರಾಂಶದಲ್ಲಿ ಸಂಕಲನ ಎಂಬ ಚರ್ಚೆ ತಂಡದಲ್ಲಿ ಕಾವೇರಿದೆ.

ಪ್ರೀಮಿಯರ್ ಪ್ರೊ ಚಂದಾ ಕೇಳುತ್ತದೆ. ಫೈನಲ್ ಕಟ್ ಪ್ರೊಗೆ ಆ್ಯಪಲ್ ಯಂತ್ರವೇ ಬೇಕು, ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಆ ಎರಡರ ಮಾತು ಅಲ್ಲಿಗೇ ಮುಗಿಯಿತು.

ನನ್ನ ಮನಸ್ಸು ಡಾವಿಂಚಿ ರಿಸಾಲ್ವ್ ಕಡೆಗಿತ್ತು, ಮುಚ್ಚಿಡುವುದೇನು! ಬಣ್ಣ ತಿದ್ದುವುದರಲ್ಲೇ ಹೆಸರು ಮಾಡಿದ ತಂತ್ರಾಂಶ ಅದು. ಧ್ವನಿಗೆಂದೇ ಫೇರ್‌ಲೈಟ್ ವಿಭಾಗವಿದೆ. ಉಚಿತ ಆವೃತ್ತಿಯಲ್ಲೂ 3840×2160ರವರೆಗೆ ಚಿತ್ರವನ್ನು ಹೊರತೆಗೆಯಬಹುದು. ಆದರೆ ಅದು ಬಯಸುವುದು ಕನಿಷ್ಠ 16 ಜಿಬಿ ರ್‍ಯಾಮ್ ಮತ್ತು ಒಳ್ಳೆಯ ಗ್ರಾಫಿಕ್ಸ್ ಸಾಮರ್ಥ್ಯ. ನಮ್ಮ ಎರಡೂ ಲ್ಯಾಪ್‌ಟಾಪ್‌ಗಳಲ್ಲಿರುವುದು 8 ಜಿಬಿ. ಒಂದರಲ್ಲಿ ಉಬುಂಟು ಎಂಬ ಲಿನಕ್ಸ್ ಬೇರೆ. ಲಿನಕ್ಸ್‌ಗೆ ಸಿಗುವ ರಿಸಾಲ್ವ್‌ನ ಉಚಿತ ಆವೃತ್ತಿ ಎಚ್.264 ಎಂಬ ಬಗೆಯಲ್ಲಿ ಕುಗ್ಗಿಸಿದ ವಿಡಿಯೊ ಕಡತಗಳನ್ನು ತೆರೆಯುವುದಿಲ್ಲ, ನಮ್ಮ ಮೊಬೈಲು ಕೊಟ್ಟಿರುವುದೋ ಅದನ್ನೇ. ಸಂಕಲನಕ್ಕೆಂದೇ ಇರುವ ಡಿಎನ್ಎಕ್ಸ್ಎಚ್ಆರ್ ಎಂಬ ವಿಡಿಯೊ ಬಗೆಗೆ ಪರಿವರ್ತಿಸಿದರೆ ತೆರೆಯುತ್ತದೆ, ಆದರೆ ಕಡತ ಹಲವು ಪಟ್ಟು ಊದಿಕೊಳ್ಳುತ್ತದೆ. ಅಷ್ಟು ಜಾಗ ನಮ್ಮ ಹಾರ್ಡ್ ಡಿಸ್ಕಿನಲ್ಲಿಲ್ಲ.

ಹಾಗಾಗಿ ಕೆಡೆನ್‌ಲೈವ್. ಕೆಡಿಇ ಎಂಬ ಸ್ವಯಂಸೇವಕರ ಬಳಗದ ಮುಕ್ತ ತಂತ್ರಾಂಶ, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಓಡುತ್ತದೆ. ಪ್ರಾಕ್ಸಿ ಆನ್ ಮಾಡಿದರೆ ಪ್ರತಿ ದೃಶ್ಯದ ಹಗುರವಾದ ನಕಲನ್ನು ಮಾಡಿಕೊಂಡು ಅದರ ಮೇಲೆ ಕತ್ತರಿ ಆಡಿಸಲು ಬಿಡುತ್ತದೆ. ಕೊನೆಯ ರೆಂಡರ್‌ಗೆ, ಅಂದರೆ ಸಿದ್ಧ ಚಿತ್ರವನ್ನು ಹೊರತೆಗೆಯುವಾಗ, ಮೂಲ ಕಡತವನ್ನೇ ಬಳಸುತ್ತದೆ. ರೆಕಾರ್ಡರಿನ ಧ್ವನಿಯನ್ನು ಮೊಬೈಲಿನ ಧ್ವನಿಗೆ ತಾನೇ ಹೊಂದಿಸುವ ಸೌಲಭ್ಯವೂ ಇದೆ. ಶೀರ್ಷಿಕೆಗೆ ನೋಟೊ ಸಾನ್ಸ್ ಕನ್ನಡ ಅಕ್ಷರಶೈಲಿ ಹಾಕಿ ನೋಡಿದೆವು, ಒತ್ತಕ್ಷರಗಳು ಚೆದುರಲಿಲ್ಲ. ಬಣ್ಣದ ಕೆಲಸದಲ್ಲಿ ಮಾತ್ರ ಇದು ರಿಸಾಲ್ವ್‌ನ ಹತ್ತಿರವೂ ಬರುವುದಿಲ್ಲ.

ಯಾವುದನ್ನೇ ಆರಿಸಿದರೂ ತಪ್ಪದ ತಲೆನೋವು ಒಂದಿದೆ. ಮೊಬೈಲು ಸೆಕೆಂಡಿಗೆ 30 ಫ್ರೇಮ್ ಎಂದು ಹೇಳಿಕೊಂಡರೂ ಬೆಳಕಿಗೆ, ಬಿಸಿಗೆ ತಕ್ಕಂತೆ ಆ ವೇಗ ಏರಿಳಿಯುತ್ತದೆ. ದೃಶ್ಯದ ಆರಂಭದಲ್ಲಿ ತುಟಿಗೂ ಮಾತಿಗೂ ಹೊಂದಿಕೆ ಇರುತ್ತದೆ, ಉದ್ದದ ಶಾಟ್ ಮುಗಿಯುವಷ್ಟರಲ್ಲಿ ಮಾತು ಜಾರಿರುತ್ತದೆ. ತಂತ್ರಾಂಶವನ್ನು ಬೈಯ್ದು ಪ್ರಯೋಜನವಿಲ್ಲ. ಎಲ್ಲ ಕಡತಗಳನ್ನೂ ಮೊದಲು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ದರಕ್ಕೆ ತರುತ್ತಿದ್ದೇವೆ. ರಾತ್ರಿಯಿಡೀ ಲ್ಯಾಪ್‌ಟಾಪಿಗೆ ಅದೇ ಕೆಲಸ.

ಮೊದಲ ದೃಶ್ಯದ ಒರಟು ಜೋಡಣೆ ಕೆಡೆನ್‌ಲೈವ್‌ನಲ್ಲಿ ಮುಗಿದಿದೆ. ಛಾಯಾಗ್ರಹಣ ಮಾಡಿದ ಗೆಳೆಯನಿಗೆ ಬಣ್ಣದ ವಿಷಯದಲ್ಲಿ ಇನ್ನೂ ಸಮಾಧಾನವಿಲ್ಲ. ಚಿತ್ರವನ್ನು ಪೂರ್ತಿ ಜೋಡಿಸಿದ ಮೇಲೆ ಒಂದೇ ಕಡತವಾಗಿ ಕಾಲೇಜಿನ ಲ್ಯಾಬಿಗೆ ಒಯ್ದು, ಅಲ್ಲಿನ ವಿಂಡೋಸ್ ಕಂಪ್ಯೂಟರಿನಲ್ಲಿ ರಿಸಾಲ್ವ್ ಬಳಸಿ ಬಣ್ಣ ತಿದ್ದೋಣ ಎನ್ನುತ್ತಾನೆ. ಲ್ಯಾಬಿನವರ ಅನುಮತಿ ಕೇಳಿದ್ದೇವೆ.