ಕೋಳಿ ಫಾರಂ ವಿಸಿಟ್: ಗಾಳಿ ಯಾವ ಕಡೆಗೆ ಅಂತ ಮೊದಲು ನೋಡಿ

ಏಪ್ರಿಲ್ ಬಂತೆಂದರೆ ಬಳ್ಳಾರಿ ಸೀಮೆಯಲ್ಲಿ ಕೋಳಿ ಸತ್ತರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಬಿಸಿಲು ಹೊಡೀತು, ಅಷ್ಟೇ. ಫಾರಂ ಮಾಲೀಕರೂ ಹಾಗೇ ಹೇಳ್ತಾರೆ, ಸೂಪರ್‌ವೈಸರೂ ಹಾಗೇ ಹೇಳ್ತಾನೆ, ಸಂಜೆಯ ರಿವ್ಯೂ ಮೀಟಿಂಗ್‌ನಲ್ಲಿ ಆರೋಗ್ಯ ಇಲಾಖೆಯ ನಮ್ಮವರೂ ಅದನ್ನೇ ಬರೆದುಕೊಂಡು ಮುಂದಿನ ಅಜೆಂಡಾಕ್ಕೆ ಹೋಗ್ತಾರೆ. ಅಂಥದ್ದೇ ಒಂದು ಲೇಯರ್ (ಮೊಟ್ಟೆ ಕೋಳಿ) ಫಾರಂಗೆ ಆರ್‌ಆರ್‌ಟಿ, ಅಂದರೆ ರೋಗದ ಸುದ್ದಿ ಬಂದಾಗ ಓಡುವ ತುರ್ತು ತಂಡ, ಹೋದಾಗ ನಡೆದದ್ದು ನಮ್ಮ ಆಫೀಸಿನಲ್ಲಿ ಇವತ್ತಿಗೂ ಆಗಾಗ ಮಾತಿಗೆ ಬರುತ್ತದೆ.

ಸತ್ತ ಕೋಳಿಗಳನ್ನು ಫೀಡ್ ಚೀಲಕ್ಕೆ ತುಂಬಿ ಶೆಡ್ಡಿನ ಬಾಗಿಲಲ್ಲಿ ಒಟ್ಟಿದ್ದರು. ಟ್ರ್ಯಾಕ್ಟರ್ ಸ್ಟಾರ್ಟ್ ಆಗಿತ್ತು, ಚೀಲಗಳು ಕಾಲುವೆ ದಂಡೆಗೆ ಹೊರಡಬೇಕು. ತಂಡದಲ್ಲಿದ್ದ ಒಬ್ಬರು ‘ಒಂದು ಕೊಯ್ದು ನೋಡೋಣ, ಗೊತ್ತಾಗ್ತದೆ’ ಅಂತ ಬ್ಲೇಡ್ ತೆಗೆದರು. ಪಶು ವೈದ್ಯರು ಇನ್ನೂ ಗೇಟಿನಲ್ಲಿ ಕಾಲಿಗೆ ರಕ್ಷಣಾ ಕವರ್ ಹಾಕಿಕೊಳ್ಳುತ್ತಿದ್ದರು. ಅಲ್ಲಿಂದಲೇ ಕೂಗಿ ನಿಲ್ಲಿಸಿದರು. ಆಮೇಲಿನ ಹತ್ತು ನಿಮಿಷ ಯಾರ ಮಾತು ನಡೆಯಬೇಕು ಅಂತ ಜಟಾಪಟಿ: ಆರೋಗ್ಯ ಇಲಾಖೆಯದೋ, ಪಶು ಇಲಾಖೆಯದೋ? ಟ್ರ್ಯಾಕ್ಟರ್ ಡ್ರೈವರ್ ಮಾತ್ರ ಇಂಜಿನ್ ಆಫ್ ಮಾಡಲಿಲ್ಲ. ಇಷ್ಟೂ ಹೊತ್ತು ತಂಡವೆಲ್ಲ ನಿಂತಿದ್ದದ್ದು ಶೆಡ್ಡಿನ ಗಾಳಿ ನೇರವಾಗಿ ಮುಖಕ್ಕೆ ಬರುವ ಕಡೆ, ಸರ್ಜಿಕಲ್ ಮಾಸ್ಕ್‌ನಲ್ಲಿ. ಭೋಪಾಲದ ರಾಷ್ಟ್ರೀಯ ಪ್ರಾಣಿ ರೋಗ ಲ್ಯಾಬ್‌ನಿಂದ ರಿಪೋರ್ಟ್ ಹಕ್ಕಿಜ್ವರಕ್ಕೆ ನೆಗೆಟಿವ್ ಬಂತು. ಪಾಸಿಟಿವ್ ಬಂದಿದ್ದರೆ ಮೊದಲ ಸಂಪರ್ಕಿತರ ಪಟ್ಟಿಯಲ್ಲಿ ಆರೋಗ್ಯ ಇಲಾಖೆಯವರ ಹೆಸರೇ ಇರುತ್ತಿತ್ತು.

ಬಿಸಿಲಿನ ಸಾವು ಬೇರೆ, ರೋಗದ ಸಾವು ಬೇರೆ, ಆದರೆ ಮೊದಲ ನೋಟಕ್ಕೆ ಎರಡೂ ಒಂದೇ. ಬಿಸಿಲಿಗೆ ಸಾಯುವ ಹಕ್ಕಿ ಕೊಕ್ಕು ತೆರೆದು ಏದುಸಿರು ಬಿಡುತ್ತಿರುತ್ತದೆ. ಸಾವು ಮಧ್ಯಾಹ್ನ ಮೂರರಿಂದ ಸಂಜೆಯೊಳಗೆ ಹೆಚ್ಚು, ಫಾಗರ್ (ನೀರಿನ ಮಂಜು ಚಿಮ್ಮಿಸುವ ಸಾಧನ) ಹಾಕಿ ರಾತ್ರಿ ತಣ್ಣಗಾದರೆ ಇಳಿಯುತ್ತದೆ. ರೋಗವಾದರೆ ರಾತ್ರಿಯೂ ಸಾಯುತ್ತವೆ, ಮರುದಿನ ಬೆಳಿಗ್ಗೆ ಲೆಕ್ಕ ಇನ್ನೂ ಏರಿರುತ್ತದೆ. ಜುಟ್ಟು ಊದಿ ನೀಲಿಗಟ್ಟುವುದು, ಕಾಲಿನ ಮೇಲೆ ಕೆಂಪು ಗೆರೆ, ಮೊಟ್ಟೆ ಇಳುವರಿ ಒಮ್ಮೆಲೇ ಬೀಳುವುದು ಇವೆಲ್ಲ ಹಕ್ಕಿಜ್ವರದ ಅನುಮಾನ ಹುಟ್ಟಿಸಬೇಕು. ತೆಳು ಚಿಪ್ಪಿನ ಮೊಟ್ಟೆಯನ್ನು ಮಾತ್ರ ನಂಬಬೇಡಿ. ಏದುಸಿರು ಬಿಡುವಾಗ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬರೀ ಬಿಸಿಲಿಗೂ ಚಿಪ್ಪು ತೆಳ್ಳಗಾಗುತ್ತದೆ. ಕೊಕ್ಕರೆ ರೋಗವೂ (ರಾಣಿಖೇತ್, ಕೋಳಿಗಳ ಇನ್ನೊಂದು ವೈರಸ್ ರೋಗ) ಹೆಚ್ಚುಕಡಿಮೆ ಹೀಗೇ ಕಾಣುತ್ತದೆ. ಲ್ಯಾಬ್ ಹೇಳುವ ತನಕ ಯಾರೂ ಹೇಳಲಾರರು. ಅದಕ್ಕೇ ಸ್ಥಳದಲ್ಲಿ ಕೊಯ್ಯಬಾರದು. ಹಕ್ಕಿಯನ್ನು ಇಡಿಯಾಗಿ ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಐಸ್ ಬಾಕ್ಸ್‌ನಲ್ಲಿಟ್ಟು ಪಶು ವೈದ್ಯರ ಮೂಲಕವೇ ಕಳಿಸಬೇಕು. 2025ರಲ್ಲಿ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಹಕ್ಕಿಜ್ವರ ದೃಢಪಟ್ಟ ಮೇಲೂ ‘ನಮ್ಮ ಕಡೆ ಅದೆಲ್ಲ ಇಲ್ಲ’ ಅನ್ನುವವರಿದ್ದಾರೆ.

ಮಾಲೀಕರು ಯಾಕೆ ಮುಚ್ಚಿಡುತ್ತಾರೆ ಅನ್ನುವುದು ನಮಗೆಲ್ಲ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಒಂದಿದೆ: ಸರ್ಕಾರದ ಪರಿಹಾರ ಸಿಗುವುದು ರೋಗ ಹರಡದಂತೆ ಇಲಾಖೆ ಕೊಲ್ಲಿಸಿದ ಹಕ್ಕಿಗೆ, ತಾನಾಗಿ ಸತ್ತ ಹಕ್ಕಿಗೆ ಅಲ್ಲ. ತಡ ಮಾಡಿದಷ್ಟು ದುಡ್ಡು ಹೋಗುತ್ತದೆ. 2009ರ ಪ್ರಾಣಿ ರೋಗ ತಡೆ ಕಾಯ್ದೆಯ ಪ್ರಕಾರ ತಿಳಿಸುವುದು ಕಡ್ಡಾಯ ಅಂತ ಹೆದರಿಸಿದರೆ ಗೇಟು ಮುಚ್ಚಿಕೊಳ್ಳುತ್ತದೆ. ಪರಿಹಾರದ ಲೆಕ್ಕ ಹೇಳಿದರೆ ಚಹಾ ಬರುತ್ತದೆ.

ಇನ್ನು ಮನುಷ್ಯರ ವಿಷಯ. ನಮ್ಮ ಲೈನ್ ಲಿಸ್ಟ್ (ರೋಗಿಗಳ, ಸಂಪರ್ಕಿತರ ಪಟ್ಟಿ) ನೋಡಿದರೆ ಶೆಡ್ಡಿನಲ್ಲಿ ಕೆಲಸ ಮಾಡುವವರ ಹೆಸರು ಮಾತ್ರ ಇರುತ್ತದೆ. ಪಕ್ಕದ ಕಾಲೊನಿಯ ಹೆಂಗಸಿಗೆ ಕೆಮ್ಮು ಜ್ವರ ಬಂದರೆ ವೃತ್ತಿ ಕಾಲಂನಲ್ಲಿ ‘ಗೃಹಿಣಿ’. ಸಾಫ್ಟ್‌ವೇರ್‌ನಲ್ಲಿ ಅಲ್ಲಿಗೆ ಮುಗಿಯಿತು. ಮನೆ ಶೆಡ್ಡಿಗೆ ಎಷ್ಟು ದೂರ, ಗಾಳಿ ಯಾವ ಕಡೆ, ಕಳೆದ ಮೂರು ವಾರದಲ್ಲಿ ಗೊಬ್ಬರ ಎತ್ತಿದ್ದಾರಾ, ಕೇರಿಯಲ್ಲಿ ಕುರಿ ಕಂದು ಹಾಕಿದ್ದಾವಾ (ದಿನ ತುಂಬುವ ಮೊದಲೇ ಗರ್ಭ ಬಿದ್ದಿದೆಯಾ) ಅಂತ ಕೇಳುವ ಬಾಕ್ಸೇ ಇಲ್ಲ. ರಿಮಾರ್ಕ್ಸ್‌ನಲ್ಲಿ ಬರೆಯಿರಿ ಅಂತಾರೆ ಮೇಲಿನವರು. ರಿಮಾರ್ಕ್ಸ್ ಯಾರು ಓದ್ತಾರೆ? 2024ರಲ್ಲಿ ಪಶ್ಚಿಮ ಬಂಗಾಳದ ಮಗುವೊಂದಕ್ಕೆ ಎಚ್9ಎನ್2 ಅನ್ನುವ ಹಕ್ಕಿಜ್ವರದ ವೈರಸ್ ಬಂದಿದ್ದು ವಿಶ್ವ ಆರೋಗ್ಯ ಸಂಸ್ಥೆ ವರದಿ ಮಾಡಿತ್ತು. ಆ ಮಗುವಿಗಿದ್ದ ಸಂಪರ್ಕ ಮನೆಯ ಮತ್ತು ಸುತ್ತಮುತ್ತಲಿನ ಕೋಳಿಗಳದ್ದು.

ಇನ್ನೊಂದು ತೂತು ಐಎಲ್‌ಐ (ಫ್ಲೂ ಥರದ ಕಾಯಿಲೆ) ವ್ಯಾಖ್ಯೆಯಲ್ಲೇ ಇದೆ. 38 ಡಿಗ್ರಿ ಜ್ವರ, ಕೆಮ್ಮು, ಹತ್ತು ದಿನದೊಳಗೆ ಶುರುವಾಗಿರಬೇಕು. ಕಣ್ಣು ಕೆಂಪಾದದ್ದು ಅದರಲ್ಲಿಲ್ಲ. 2024ರಿಂದ ಅಮೆರಿಕದ ಹಾಲಿನ ದನಗಳಲ್ಲಿ ಹಕ್ಕಿಜ್ವರದ ಎಚ್5ಎನ್1 ವೈರಸ್ ಹರಡಿದಾಗ ಅಲ್ಲಿನ ಡೈರಿ ಕೆಲಸಗಾರರಲ್ಲಿ ಹೆಚ್ಚಾಗಿ ಕಂಡದ್ದೇ ಕಣ್ಣುಬೇನೆ. ಹಲವರಿಗೆ ಜ್ವರವೇ ಇರಲಿಲ್ಲ. ಹಾಗಾಗಿ ಆಶಾ ಅಕ್ಕಂದಿರಿಗೆ ಹೇಳುವುದಿಷ್ಟು: ಶೆಡ್ಡಿನ ಸುತ್ತ ಮನೆ ಮನೆಗೆ ಹೋದಾಗ ಕೆಮ್ಮಿನ ಜೊತೆ ಕಣ್ಣನ್ನೂ ಕೇಳಿ. ಕೆಲಸಗಾರರಿಗೆ ಎನ್95 ಕೊಟ್ಟು ಕನ್ನಡಕ ಕೊಡದಿದ್ದರೆ ಅರ್ಧ ಬಾಗಿಲು ತೆರೆದಿಟ್ಟ ಹಾಗೆ. ಗಡ್ಡ ಇದ್ದರೆ ಎನ್95 ಅಂಚು ಕೂರುವುದಿಲ್ಲ, ಅದನ್ನೂ ನೇರವಾಗಿ ಹೇಳಬೇಕು.

ವಾಸನೆಯ ದೂರು ಬಂದಾಗ ಮಾತ್ರ ನಮ್ಮವರು ಓಡುತ್ತಾರೆ. ವಾಸನೆ ಅಂದರೆ ಸೋಂಕು ಅಲ್ಲ. ಕೋಳಿ ಹಿಕ್ಕೆಯ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಬರುತ್ತದೆ. ಅದು ಕಣ್ಣು ಉರಿಸುತ್ತದೆ, ಶ್ವಾಸನಾಳದ ಸೂಕ್ಷ್ಮ ರೋಮಗಳ ಚಲನೆಯನ್ನು ಕುಂದಿಸುತ್ತದೆ, ಆಮೇಲೆ ಬರುವ ಸೋಂಕಿಗೆ ದಾರಿ ಸಲೀಸಾಗುತ್ತದೆ. ಶೆಡ್ಡಿನೊಳಗೆ ಅದು 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 25 ಭಾಗ) ದಾಟಬಾರದು. ಕಣ್ಣು ಉರಿಯತೊಡಗಿದರೆ ದಾಟಿದೆ ಅಂತಲೇ ಲೆಕ್ಕ, ಆದರೆ ದಿನಾ ಅಲ್ಲೇ ಇರುವವನ ಮೂಗು ಒಗ್ಗಿಹೋಗಿರುತ್ತದೆ. ಅವನನ್ನು ಕೇಳಿ ಪ್ರಯೋಜನವಿಲ್ಲ, ಸ್ಟ್ರಿಪ್ ಇಟ್ಟು ನೋಡಬೇಕು.

ಬ್ರಾಯ್ಲರ್ (ಮಾಂಸದ ಕೋಳಿ) ಶೆಡ್ಡಾದರೆ ಲಿಟರ್, ಅಂದರೆ ನೆಲಕ್ಕೆ ಹಾಸಿದ ಹೊಟ್ಟು, ಹಿಡಿದು ನೋಡಿ. ಗಂಗಾವತಿ, ಸಿರುಗುಪ್ಪ, ಕಾರಟಗಿ ರೈಸ್‌ಮಿಲ್‌ಗಳ ಭತ್ತದ ಹೊಟ್ಟು ನಮ್ಮ ಕಡೆ ಧಾರಾಳ, ಎರಡು ಮೂರು ಇಂಚು ಹರಡಿರುತ್ತಾರೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಿ ಉಳಿದರೆ ತೇವ ಹೆಚ್ಚು, ಅಮೋನಿಯಾ ಖಚಿತ. ಉಂಡೆಯಾಗಿ ಮೆಲ್ಲಗೆ ಬಿಚ್ಚಿಕೊಂಡರೆ ಸರಿ. ಹಿಂಡಿದರೂ ಸೇರದೆ ಪುಡಿ ಹಾರಿದರೆ ಅದೂ ಸರಿಯಲ್ಲ, ಆ ಧೂಳಿನಲ್ಲೇ ಹಿಕ್ಕೆ ಮತ್ತು ಗರಿಯ ಕಣ ಮನೆಗಳ ಕಡೆ ಹೋಗುತ್ತದೆ. ಒದ್ದೆಗೆ ಕಾರಣ ಮುಕ್ಕಾಲು ಪಾಲು ಸೋರುವ ನಿಪ್ಪಲ್ (ಕೋಳಿ ನೀರು ಕುಡಿಯುವ ನಳಿಕೆ). ಅದನ್ನು ಬಿಟ್ಟು ಸುಣ್ಣ ಚೆಲ್ಲುತ್ತಾರೆ. ಸುಣ್ಣ ಕ್ಷಾರ, ಹಸಿ ಲಿಟರ್ ಮೇಲೆ ಬಿದ್ದರೆ ಒಳಗಿದ್ದ ಅಮೋನಿಯಾವನ್ನು ಇನ್ನಷ್ಟು ಹೊರಗೆ ತಳ್ಳುತ್ತದೆ. ‘ಸುಣ್ಣ ಹಾಕಿದ ದಿನವೇ ವಾಸನೆ ಜಾಸ್ತಿ’ ಅಂತ ಕಾಲೊನಿಯವರು ಹೇಳುವುದು ಸುಳ್ಳಲ್ಲ. ಸೂಪರ್ ಫಾಸ್ಫೇಟ್ ಅಥವಾ ಪಟಿಕ ಆಮ್ಲೀಯ, ಅವು ಹಿಡಿದಿಡುತ್ತವೆ. ಸುಣ್ಣ ಬೇಕಾದರೆ ಬ್ಯಾಚ್ ಮುಗಿದು ಲಿಟರ್ ತೆಗೆದ ಮೇಲೆ ನೆಲಕ್ಕೆ ಹಾಕಲಿ.

ಲೇಯರ್ ಶೆಡ್ಡಿನ ಕತೆ ಬೇರೆ. ಪಂಜರದ ಕೆಳಗೆ ತಿಂಗಳುಗಟ್ಟಲೆ ಹಿಕ್ಕೆ ಬಿದ್ದು ಗುಡ್ಡೆಯಾಗಿರುತ್ತದೆ. ಮೆಣಸಿನಕಾಯಿ, ಭತ್ತದ ರೈತರು ಟ್ರಾಲಿ ತಂದಾಗ ಒಮ್ಮೆಲೇ ಎತ್ತುತ್ತಾರೆ. ಸುತ್ತಲಿನ ಮನೆಗಳಿಗೆ ವರ್ಷದ ಅತಿ ಕೆಟ್ಟ ದಿನಗಳು ಇವೇ, ಮತ್ತು ನಮ್ಮ ತಪಾಸಣೆ ಎಂದೂ ಆ ದಿನ ಇರುವುದಿಲ್ಲ. ಬೆಳಗಿನ ಜಾವ, ಮುಸ್ಸಂಜೆ ಎತ್ತಬಾರದು. ಚಳಿಗಾಲದಲ್ಲಿ ಆ ಹೊತ್ತಿಗೆ ತಣ್ಣನೆ ಗಾಳಿ ನೆಲಕ್ಕಂಟಿ ಕೂತು ಧೂಳು ಮೇಲೇಳದೆ ಕೇರಿಯಲ್ಲೇ ಹರಡುತ್ತದೆ. ಹತ್ತು ಗಂಟೆಯ ಮೇಲೆ, ಗಾಳಿ ಊರಿನಿಂದ ಆಚೆ ಬೀಸುವಾಗ ಎತ್ತಲಿ. ಮೇಲ್ಪದರಕ್ಕೆ ನೀರು ಚಿಮುಕಿಸಲಿ, ಸುರಿಯುವುದು ಬೇಡ. ಟ್ರಾಲಿಗೆ ತಾಡಪತ್ರಿ ಕಟ್ಟಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಪಡುವಣ ಗಾಳಿ, ಆಗ ಶೆಡ್ಡಿನ ಮೂಡಣ ಬದಿಯ ಮನೆಗಳನ್ನು ಮೊದಲು ನೋಡಿ. ಡಿಸೆಂಬರ್‌ನಲ್ಲಿ ಗಾಳಿ ತಿರುಗಿರುತ್ತದೆ, ಪಟ್ಟಿಯೂ ತಿರುಗಬೇಕು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ಮಾರ್ಗಸೂಚಿ ಕೋಳಿ ಫಾರಂ ವಸತಿ ಪ್ರದೇಶದಿಂದ 500 ಮೀಟರ್ ದೂರ ಇರಲಿ ಅನ್ನುತ್ತದೆ. ಇಲ್ಲಿ ಬಹಳ ಕಡೆ ಫಾರಂ ಮೊದಲು ಬಂದು, ನಿವೇಶನ ಆಮೇಲೆ ಹಂಚಿದ್ದಾರೆ. ಅಳತೆ ಟೇಪು ಹಿಡಿದು ಫಾರಂನವನನ್ನು ಬೈದರೆ ಏನು ಬಂತು? ನಿವೇಶನ ಪಟ್ಟಿಗೆ ಸಹಿ ಮಾಡುವ ಟೇಬಲ್‌ನಲ್ಲಿ ಆರೋಗ್ಯ ಇಲಾಖೆಗೆ ಕುರ್ಚಿಯೇ ಇರುವುದಿಲ್ಲ.

ಕೋಳಿಯ ಗದ್ದಲದಲ್ಲಿ ಕುರಿ ಮರೆತುಹೋಗುತ್ತದೆ. ಕೊಪ್ಪಳ, ರಾಯಚೂರಿನಲ್ಲಿ ಕೆಂಗುರಿ, ನಮ್ಮಲ್ಲಿ ಬಳ್ಳಾರಿ ತಳಿ; ಕುರಿ ಹಟ್ಟಿ ಊರೊಳಗೇ ಇರುತ್ತದೆ. ಕುರಿ, ಆಡುಗಳಿಂದ ಮನುಷ್ಯರಿಗೂ ಅಂಟುವ ಕ್ಯೂ ಜ್ವರದ ಕಾಕ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಅವುಗಳ ಮಾಸು ಮತ್ತು ಹೆರಿಗೆಯ ನೀರಿನಲ್ಲಿ ತುಂಬಿರುತ್ತದೆ, ಒಣಗಿ ಧೂಳಾದರೂ ಸಾಯುವುದಿಲ್ಲ, ಗಾಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ 2007ರಿಂದ 2010ರ ನಡುವೆ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಇದು ಬಂತು. ಅವರಲ್ಲಿ ಬಹುಪಾಲು ಮಂದಿ ಆಡು ಸಾಕಿದವರೇ ಅಲ್ಲ, ಹಾಲಿನ ಆಡಿನ ಫಾರಂಗಳ ಸುತ್ತ ವಾಸವಿದ್ದವರು. ಆಮೇಲಿನ ವರ್ಷಗಳಲ್ಲೂ ಅಲ್ಲಿನ ಅಧ್ಯಯನಗಳಲ್ಲಿ ಆಡಿನ ಫಾರಂನಿಂದ ಎರಡು ಕಿಲೋಮೀಟರ್ ಒಳಗಿನವರಿಗೆ ನ್ಯುಮೋನಿಯಾ ಹೆಚ್ಚು ಕಂಡಿದೆ. ಫಾರಂ ಬಳಿ ಅಸ್ತಮಾ, ಸಿಒಪಿಡಿ (ಬಹುಕಾಲದ ಶ್ವಾಸನಾಳ ಕಾಯಿಲೆ) ರೋಗಿಗಳ ಸಂಖ್ಯೆ ಕಡಿಮೆ, ಆದರೆ ಸಿಒಪಿಡಿ ಇದ್ದವರಿಗೆ ತೊಂದರೆ ಜಾಸ್ತಿ ಅನ್ನುವುದೂ ಅಲ್ಲೇ ಕಂಡದ್ದು. ಇಲ್ಲಿ ಅದಿರಿನ ಧೂಳು, ಬೂದಿ, ಹೊಟ್ಟಿನ ಹೊಗೆ ಮೊದಲೇ ಕುಡಿದ ಶ್ವಾಸಕೋಶಗಳಿವೆ, ಆ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಸಾಲಾಗಿ ಕುರಿ ಕಂದು ಹಾಕಿದರೆ ಅದು ಪಶು ಆಸ್ಪತ್ರೆಯ ಸುದ್ದಿ ಮಾತ್ರವಲ್ಲ, ನಮ್ಮದೂ ಹೌದು. ಮಾಸನ್ನು ತಿಪ್ಪೆಗೆ ಎಸೆದರೆ ನಾಯಿ ಎಳೆದುಕೊಂಡು ಊರೆಲ್ಲ ಹರಡುತ್ತದೆ; ಆಳವಾಗಿ ಹೂಳಿಸಿ. ಹಟ್ಟಿಯನ್ನು ಒಣಗಿದ್ದಾಗ ಗುಡಿಸಬಾರದು, ನೀರು ಚಿಮುಕಿಸಿ ಗುಡಿಸಬೇಕು. ಬಸುರಿಯರು ಕುರಿ ಈಯುವ ಜಾಗಕ್ಕೆ ಹೋಗಲೇಬಾರದು. ಇದನ್ನು ತಾಯಿ ಕಾರ್ಡ್ ಕೊಡುವಾಗಲೇ ಹೇಳಿದರೆ ಸಾಕು, ಇದಕ್ಕೆ ಬೇರೆ ಐಇಸಿ (ಜಾಗೃತಿ ಪ್ರಚಾರ) ಬಜೆಟ್ ಬೇಕಿಲ್ಲ.

ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಎಡವುವುದು ಔಷಧಿಯಲ್ಲಿ. ಕ್ಷಯದ ಕಫ ಪರೀಕ್ಷೆ ನೆಗೆಟಿವ್, ಅಮಾಕ್ಸಿಸಿಲಿನ್ ಕೊಟ್ಟು ಕಳಿಸಿದರು, ಮೂರು ದಿನಕ್ಕೂ ಜ್ವರ ಇಳಿಯಲಿಲ್ಲ, ತಲೆನೋವು ವಿಪರೀತ. ಕ್ಯೂ ಜ್ವರಕ್ಕಾಗಲೀ, ಹಕ್ಕಿಗಳಿಂದ ಬರುವ ಸಿಟಕೋಸಿಸ್‌ಗಾಗಲೀ ಅಮಾಕ್ಸಿಸಿಲಿನ್ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್ ನಾಟುತ್ತದೆ, ಕ್ಯೂ ಜ್ವರಕ್ಕೆ ದೊಡ್ಡವರಿಗೆ 100 ಮಿಲಿಗ್ರಾಂ ದಿನಕ್ಕೆರಡು ಬಾರಿ, 14 ದಿನ, ಅದೂ ವೈದ್ಯರು ನೋಡಿ ಬರೆದರೆ. ಬಸುರಿಯರಿಗೆ ಅದಲ್ಲ. ಸೋಂಕು ತಗುಲಿ ಎರಡು ಮೂರು ವಾರಕ್ಕೆ ಜ್ವರ ಬರುವುದರಿಂದ ‘ನಿನ್ನೆ ಮೊನ್ನೆ ಏನು ಮಾಡಿದ್ರಿ’ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಹಿಂದಿನ ತಿಂಗಳ ಸಂತೆ, ಜಾತ್ರೆ ಲೆಕ್ಕ ಹಿಡಿದು ಕೇಳಬೇಕು. ಆಂಟಿಬಾಡಿ ಪರೀಕ್ಷೆಗೆ ಒಂದೇ ರಕ್ತದ ಸ್ಯಾಂಪಲ್ ಸಾಲದು, ಮೂರರಿಂದ ಆರು ವಾರ ಬಿಟ್ಟು ಎರಡನೆಯದು ತೆಗೆದು ಹೋಲಿಸಬೇಕು. ಎರಡನೆಯದಕ್ಕೆ ರೋಗಿ ಹತ್ತಿ ಬಿಡಿಸಲು ಹೋಗಿರುತ್ತಾನೆ, ಆದ್ದರಿಂದ ಮೊದಲ ದಿನವೇ ಮನೆಯವರ ಎರಡು ಫೋನ್ ನಂಬರ್ ಬರೆದುಕೊಳ್ಳಿ.

ಹಕ್ಕಿಜ್ವರದ ಅನುಮಾನವಿದ್ದರೆ ಮೂಗು ಮತ್ತು ಗಂಟಲು ಎರಡರದ್ದೂ ಸ್ವ್ಯಾಬ್, ಕಣ್ಣು ಕೆಂಪಿದ್ದರೆ ಕಣ್ಣಿನದ್ದೂ ತೆಗೆದು ವಿಟಿಎಂನಲ್ಲಿ (ವೈರಸ್ ಕೆಡದಂತೆ ಸಾಗಿಸುವ ದ್ರವ) ಹಾಕಿ, 2ರಿಂದ 8 ಡಿಗ್ರಿಯಲ್ಲಿ ಕಳಿಸಬೇಕು. ಹತ್ತಿ ಸುತ್ತಿದ ಮರದ ಕಡ್ಡಿ ಬೇಡ, ಅದು ಪರೀಕ್ಷೆಗೆ ಅಡ್ಡಿ. ಐಸ್ ಪ್ಯಾಕ್‌ಗಳನ್ನು ಹಿಂದಿನ ರಾತ್ರಿಯೇ ಫ್ರೀಜರ್‌ಗೆ ಹಾಕಿಡಿ; ಬೆಳಿಗ್ಗೆ ಕರೆಂಟ್ ಹೋದಾಗಲೇ ಎಲ್ಲರಿಗೂ ನೆನಪಾಗುವುದು. ಸಂಪರ್ಕದಲ್ಲಿದ್ದವರನ್ನು ಕೊನೆಯ ಸಂಪರ್ಕದಿಂದ ಹತ್ತು ದಿನ, ಭಾನುವಾರವೂ ಸೇರಿ, ಜ್ವರ ನೋಡಬೇಕು. ಆ ಪಟ್ಟಿಯಲ್ಲಿ ಟ್ರ್ಯಾಕ್ಟರ್ ಡ್ರೈವರ್, ಮೊಟ್ಟೆ ಲೋಡ್ ಮಾಡುವ ಹುಡುಗರು, ಗೊಬ್ಬರ ಒಯ್ದ ರೈತ, ಸ್ಥಳಕ್ಕೆ ಹೋದ ನಮ್ಮ ಸಿಬ್ಬಂದಿ ಎಲ್ಲರ ಹೆಸರೂ ಇರಲಿ.